ಸಾರಥಿಯೋ ಸಹಾಯಕನೋ?

ಒಂದು ವಸ್ತುವಿಗೆ ಇಟ್ಟ ಹೆಸರು ಅದರ ಗುಣವನ್ನು ಮೀರಿದುದಾದರೆ ಸಾಮಾನ್ಯವಾಗಿ ಅದು ನಗೆಗೆ ಮಾತ್ರ ಕಾರಣವಾಗುವುದು. ಕಡುಬಡವನಿಗೆ ಧನಪಾಲನೆಂಬ ಹೆಸರಿದ್ದರೆ ಯಾರ ಗಂಟೂ ಹೋಗುವುದಿಲ್ಲ. ಆದರೆ ಗಂಟೆಗೆ ನೂರು ಕಿಲೋಮೀಟರು ವೇಗದಿಂದ ಓಡುವ ಗಾಡಿಯಲ್ಲಿ ಸಹಾಯಕನಾಗಿ ಮಾತ್ರ ಇರತಕ್ಕ ಯಂತ್ರಕ್ಕೆ ಸಾರಥಿಯ ಪಟ್ಟವನ್ನು ಕಟ್ಟಿ ಮಾರಿದರೆ ಅದರ ಫಲವು ನಗೆಯಲ್ಲಿ ಮುಗಿಯುವುದಿಲ್ಲ. ವಿದ್ಯುತ್ ಕಾರುಗಳ ವಿಷಯದಲ್ಲಿ ಈ ಹೊತ್ತು ನಡೆಯುತ್ತಿರುವುದು ಈ ಬಗೆಯ ನಾಮವಂಚನೆಯೆಂಬುದೇ ಈ ಲೇಖನದ ಆಕ್ಷೇಪವು.

ಪುಣೆಯಿಂದ ಸೊಲ್ಲಾಪುರ, ಉಮರ್ಗಾಗಳ ಮೇಲೆ ಬಂದು, ಬಸವಕಲ್ಯಾಣಕ್ಕೆ ತಿರುಗುವ ದಾರಿಯನ್ನೂ ರಾಜೇಶ್ವರವನ್ನೂ ಹುಮನಾಬಾದನ್ನೂ ದಾಟಿ ಹೈದರಾಬಾದಿಗೆ ಹೋಗುವ 65ನೆಯ ರಾಷ್ಟ್ರೀಯ ಹೆದ್ದಾರಿಯು ಈ ಸೀಮೆಯ ವಾಚಕರಿಗೆಲ್ಲ ಪರಿಚಿತವಾದುದು. ಈಚಿನ ವರ್ಷಗಳಲ್ಲಿ ಈ ದಾರಿಯ ಮೇಲೆ ಹೊಗೆಯೂ ಸದ್ದೂ ಇಲ್ಲದ ವಿದ್ಯುತ್ ಕಾರುಗಳು ಕಾಣಬರುತ್ತಿವೆ. ಎಣ್ಣೆಯ ಖರ್ಚು ಉಳಿಯಿತೆಂದು ಮಾಲೀಕರು ಸಂತೋಷಪಡುವುದು ನ್ಯಾಯವೇ ಸರಿ. ಅದರಲ್ಲಿ ಯಾರಿಗೂ ತಕರಾರಿಲ್ಲ. ತಕರಾರಿರುವುದು ಈ ಕಾರುಗಳೊಡನೆ ಬರುತ್ತಿರುವ ‘ಅಡಾಸ್’ ಎಂಬ ಚಾಲಕಸಹಾಯಕ ವ್ಯವಸ್ಥೆಯ ವಿಷಯದಲ್ಲಿ. 2022ರಲ್ಲಿ ಕಿಯಾ ಇವಿ6 ಮತ್ತು ಬಿವೈಡಿ ಆಟೋ 3, 2023ರಲ್ಲಿ ಎಂಜಿ ಝಡ್‌ಎಸ್ ಇವಿ, 2024ರ ನವೆಂಬರಿನಲ್ಲಿ ಪ್ರಕಟವಾದ ಮಹೀಂದ್ರ ಬಿಇ 6 ಮತ್ತು ಎಕ್ಸ್‌ಇವಿ 9ಇ, 2025ರಲ್ಲಿ ಟಾಟಾ ಹ್ಯಾರಿಯರ್ ಇವಿ, ಹೀಗೆ ಒಂದರ ಹಿಂದೊಂದು ವಿದ್ಯುತ್ ಕಾರು ಭಾರತದಲ್ಲಿ ಈ ವ್ಯವಸ್ಥೆಯನ್ನು ಹೊತ್ತು ಬಂದಿತು. ಎಣ್ಣೆಯ ಕಾರುಗಳಲ್ಲಿಯೂ ಇದು ಉಂಟು. ಆದುದರಿಂದ ಮುಂದೆ ಹೇಳುವ ಮಾತು ಯಾವುದೋ ಒಂದು ಕಂಪೆನಿಯ ಮೇಲಣ ದೂರಲ್ಲ. ಇಡೀ ವ್ಯಾಪಾರದ ರೀತಿಯ ಮೇಲಣ ದೂರು.

ಈ ವ್ಯವಸ್ಥೆಯ ಸ್ವರೂಪವನ್ನು ಮೊದಲು ತಿಳಿಯುವುದು ಉಚಿತ. ಮುಂದಿನ ಗಾಜಿನ ಮೇಲ್ಭಾಗದಲ್ಲಿ ಒಂದು ಕ್ಯಾಮರಾ ಇರುತ್ತದೆ. ಬಹುಮಟ್ಟಿಗೆ ಬಂಪರಿನ ಹಿಂದೆ ಒಂದು ರೇಡಾರೂ ಇರುತ್ತದೆ. ಕ್ಯಾಮರಾ ಬಿಳಿಯ ಗೆರೆಗಳನ್ನೂ ವಾಹನಗಳನ್ನೂ ಮನುಷ್ಯರನ್ನೂ ಗುರುತಿಸಲು ಯತ್ನಿಸುತ್ತದೆ. ರೇಡಾರು ಮುಂದಿರುವ ವಸ್ತುವಿನ ದೂರವನ್ನೂ ವೇಗವನ್ನೂ ಅಳೆಯುತ್ತದೆ. ಇವೆರಡರ ಸಾಕ್ಷ್ಯವನ್ನು ಕೇಳಿ ಗಣಕಯಂತ್ರವೊಂದು ವೇಗವನ್ನು ಹೆಚ್ಚುಕಡಿಮೆ ಮಾಡುತ್ತದೆ, ಚಕ್ರವನ್ನು ಗೆರೆಗಳ ನಡುವೆ ಹಿಡಿದಿಡುತ್ತದೆ, ಡಿಕ್ಕಿಯಾಗುವುದೆಂದು ತೋರಿದರೆ ತಾನೇ ಬ್ರೇಕು ಹಾಕುತ್ತದೆ. ಕೇಳಲು ಎಷ್ಟು ಸೊಗಸು! ಆದರೆ ಮಾಲೀಕರ ಅನುಭವ ಅಷ್ಟು ಸೊಗಸಾಗಿಲ್ಲ.

ಅವರು ಹೇಳುವ ದೂರುಗಳಲ್ಲಿ ಮೊದಲನೆಯದು ಕಾರಣವಿಲ್ಲದ ಬ್ರೇಕು. ದಾರಿ ತೆರವಾಗಿರುವಾಗ, ಮೇಲುಸೇತುವೆಯ ನೆರಳನ್ನೋ ಪಕ್ಕದ ದಾರಿಯ ಲಾರಿಯನ್ನೋ ಕಂಡು, ಬೆದರಿದ ಎತ್ತಿನಂತೆ ಕಾರು ಥಟ್ಟನೆ ತಡೆದು ನಿಲ್ಲುತ್ತದೆ. ಅಮೆರಿಕದವರು ಇದಕ್ಕೆ ಭೂತದ ಬ್ರೇಕೆಂಬ ಅರ್ಥದ ಹೆಸರನ್ನಿಟ್ಟಿದ್ದಾರೆ. ಹಿಂದೆ ಭಾರದ ಲಾರಿಯೊಂದು ಹತ್ತಿರದಲ್ಲಿಯೇ ಬರುತ್ತಿದ್ದರೆ ಮುಂದಿಲ್ಲದ ಅಪಾಯವು ಹಿಂದಿನಿಂದ ಬಂದೊದಗುತ್ತದೆ. ಎರಡನೆಯದು ಗೆರೆಯ ಗೊಂದಲ. ರಸ್ತೆಯ ಕೆಲಸಕ್ಕಾಗಿ ದಾರಿಯನ್ನು ತಿರುಗಿಸಿದ ಕಡೆ ಹಳೆಯ ಗೆರೆ ಅಳಿಸದೆ ಉಳಿದಿದ್ದರೆ, ಚಾಲಕನು ಹೊಸ ದಾರಿಗೆ ತಿರುಗಿಸುವಾಗ ಚಕ್ರವು ಹಳೆಯ ಗೆರೆಯ ಕಡೆಗೆ ಎಳೆಯುತ್ತದೆ. ಮೂರನೆಯದು ಪಕ್ಕದ ಸರ್ವಿಸ್ ರಸ್ತೆಗೆಂದು ನೆಟ್ಟ ವೇಗಮಿತಿಯ ಫಲಕವನ್ನು ಹೆದ್ದಾರಿಯದೆಂದು ಓದುವುದು. ನಾಲ್ಕನೆಯದು ಅತಿಯಾದ ಕೂಗು. ಬೈಕೊಂದು ಅಡ್ಡ ಬಂದರೆ ಕೂಗು, ಗೆರೆ ತುಳಿದರೆ ಕೂಗು, ಆಟೋ ಹತ್ತಿರ ಸುಳಿದರೆ ಕೂಗು. ತೋಳ ಬಂತು ತೋಳ ಎಂದು ದಿನವೂ ಕೂಗಿದ ಹುಡುಗನ ಕಥೆಯಂತೆ, ನಿಜವಾಗಿ ತೋಳ ಬಂದ ದಿನ ಆ ಕೂಗಿಗೆ ಕಿವಿಗೊಡುವವರು ಇರುವುದಿಲ್ಲ.

ಐದನೆಯದೇ ಎಲ್ಲಕ್ಕಿಂತ ಗಂಭೀರವಾದುದು: ಕಾಣಬೇಕಾದುದನ್ನು ಕಾಣದಿರುವುದು. ಕಬ್ಬಿನ ಹಂಗಾಮಿನಲ್ಲಿ ಹಿಂದೀಪವಿಲ್ಲದೆ ನಿಂತ ಟ್ರ್ಯಾಕ್ಟರು, ಎದುರುಮುಖವಾಗಿ ಬರುವ ಬೈಕು, ನಡುರಾತ್ರಿ ರಸ್ತೆಗಿಳಿದ ಎಮ್ಮೆ, ತುಳಜಾಪುರಕ್ಕೆ ಕಾಲ್ನಡಿಗೆಯಲ್ಲಿ ಹೊರಟ ಭಕ್ತರ ಗುಂಪು, ಇವು ಈ ದಾರಿಗೆ ಅಪರೂಪದ ನೋಟಗಳಲ್ಲ. ರೇಡಾರಿನ ಸ್ವಭಾವವನ್ನು ಬಲ್ಲವರು ಇದರ ಕಾರಣವನ್ನು ತಿಳಿಸುತ್ತಾರೆ. ರಸ್ತೆಯ ಬದಿಯ ಕಂಬ, ಫಲಕ, ಸೇತುವೆ ಇವೆಲ್ಲ ರೇಡಾರಿಗೆ ನಿಶ್ಚಲ ವಸ್ತುಗಳಾಗಿ ತೋರುವುವು. ಪ್ರತಿಯೊಂದಕ್ಕೂ ಬ್ರೇಕು ಹಾಕಿದರೆ ಕಾರು ಮುಂದೆ ಸಾಗದು. ಆದಕಾರಣ ಅನೇಕ ವ್ಯವಸ್ಥೆಗಳು ನಿಶ್ಚಲ ವಸ್ತುವಿನ ಸಾಕ್ಷ್ಯಕ್ಕೆ ಕಡಿಮೆ ಬೆಲೆ ಕೊಡುತ್ತವೆ. ಹೀಗೆ ಸುಳ್ಳು ಭಯವನ್ನು ತಪ್ಪಿಸಲು ಮಾಡಿದ ಉಪಾಯವೇ ನಿಂತ ಟ್ರ್ಯಾಕ್ಟರಿನ ವಿಷಯದಲ್ಲಿ ಕುರುಡಾಗಬಹುದು. ಕ್ಯಾಮರಾವನ್ನು ನಂಬೋಣವೆಂದರೆ ಅದರ ಶತ್ರುಗಳು ಮಳೆ, ಮಂಜು, ಧೂಳು ಮತ್ತು ಎದುರು ಬಿಸಿಲು. ಈ ಭಾಗದಲ್ಲಿ ಹೆದ್ದಾರಿಯು ಬಹುಮಟ್ಟಿಗೆ ಪೂರ್ವಪಶ್ಚಿಮವಾಗಿ ಹರಿದಿರುವುದರಿಂದ ಬೆಳಗ್ಗೆ ಹೈದರಾಬಾದಿನ ಕಡೆಗೂ ಸಂಜೆ ಉಮರ್ಗಾದ ಕಡೆಗೂ ಹೋಗುವವರಿಗೆ ಸೂರ್ಯನು ನೇರವಾಗಿ ಗಾಜಿನ ಮೇಲೆಯೇ ಬೀಳುವನು.

ಇದು ವಿದ್ಯುತ್ ಕಾರಿಗೆ ವಿಶೇಷವಾಗಿ ಅನ್ವಯಿಸಲು ಎರಡು ಕಾರಣಗಳುಂಟು. ಅದರ ಮೋಟಾರು ಗಣಕದ ಅಪ್ಪಣೆಯನ್ನು ಕ್ಷಣಮಾತ್ರದಲ್ಲಿ ನಡೆಸುತ್ತದೆ; ತಪ್ಪು ಅಪ್ಪಣೆಯೂ ಅಷ್ಟೇ ಬೇಗ ನಡೆಯುತ್ತದೆ. ಎರಡನೆಯದಾಗಿ, ಇಂತಹ ಎಷ್ಟೋ ಕಾರುಗಳಿಗೆ ತಂತ್ರಾಂಶವು ಗಾಳಿಯ ಮಾರ್ಗದಿಂದಲೇ ಬಂದು ಸೇರುತ್ತದೆ. ರಾತ್ರಿ ಮನೆಯ ಮುಂದೆ ನಿಂತಿದ್ದ ಕಾರು ಬೆಳಗ್ಗೆ ಏಳುವಾಗ ಬೇರೆ ಸ್ವಭಾವದ್ದಾಗಿರಬಹುದು. ಇದು ಕಲ್ಪನೆಯ ಭಯವಲ್ಲ. 2021ರ ಅಕ್ಟೋಬರಿನಲ್ಲಿ ಅಮೆರಿಕದ ಟೆಸ್ಲಾ ಕಂಪೆನಿಯು ಕಳುಹಿಸಿದ ಒಂದು ಹೊಸ ತಂತ್ರಾಂಶದಿಂದ ಕಾರುಗಳು ಸುಳ್ಳು ಎಚ್ಚರಿಕೆ ಕೊಡುವುದಕ್ಕೂ ತಾವಾಗಿ ಬ್ರೇಕು ಹಾಕುವುದಕ್ಕೂ ಆರಂಭಿಸಿದುದರಿಂದ 11,704 ಕಾರುಗಳ ತಂತ್ರಾಂಶವನ್ನು ಸರಿಪಡಿಸಬೇಕಾಯಿತು.

ಈಗ ಮುಖ್ಯ ಪ್ರಶ್ನೆಗೆ ಬರತಕ್ಕದ್ದು. ಇಂತಹ ಕಾರನ್ನು ಓಡಿಸುವವನು ಯಾರು? ಪಾಣಿನಿಯ ವ್ಯಾಕರಣವನ್ನು ಬಲ್ಲವರಿಗೆ ಕರ್ತೃವಿಗೂ ಕರಣಕ್ಕೂ ಇರುವ ಭೇದವು ವಿದಿತವೇ ಆಗಿದೆ. ಕ್ರಿಯೆಯಲ್ಲಿ ಸ್ವತಂತ್ರನಾದವನು ಕರ್ತೃ. ಅವನ ಕ್ರಿಯೆಗೆ ಅತಿಶಯವಾಗಿ ಸಾಧಕವಾದುದು ಕರಣ. ಕೊಡಲಿಯಿಂದ ಮರವನ್ನು ಕಡಿಯುವವನು ಕರ್ತೃ, ಕೊಡಲಿ ಕರಣ. ಕೊಡಲಿಯೇ ಮರವನ್ನು ಕಡಿಯಿತೆಂದು ಲೋಕದಲ್ಲಿ ಆಡುವುದುಂಟು. ಆದರೆ ಕಾಲಿನ ಮೇಲೆ ಬಿದ್ದಾಗ ಕೊಡಲಿಯನ್ನು ಕಟಕಟೆಯಲ್ಲಿ ನಿಲ್ಲಿಸಲಾಗುವುದಿಲ್ಲ. ಮೋಟಾರು ವಿಷಯದ ಎಸ್.ಎ.ಇ. ಸಂಸ್ಥೆಯು 2014ರಲ್ಲಿ ಸ್ವಯಂಚಾಲನೆಯನ್ನು 0ರಿಂದ 5ರವರೆಗೆ ಆರು ಹಂತಗಳಾಗಿ ವಿಂಗಡಿಸಿತು. ಭಾರತದಲ್ಲಿ ಮೇಲೆ ಹೇಳಿದ ಕಾರುಗಳಲ್ಲಿರುವುದು 2ನೆಯ ಹಂತ. ಆ ಹಂತದ ಲಕ್ಷಣವೇ ಇದು: ಯಂತ್ರವು ಚಕ್ರ, ವೇಗ ಎರಡನ್ನೂ ಹಿಡಿದಿದ್ದರೂ ಚಾಲಕನು ಎಡೆಬಿಡದೆ ನೋಡುತ್ತಿರಬೇಕು, ಹೊಣೆಯೆಲ್ಲ ಅವನದೇ. ಶಾಸ್ತ್ರದ ಮಾತಿನಲ್ಲಿ ಅವನು ಕರ್ತೃ, ಅಡಾಸ್ ಕರಣ.

ಆದರೆ ಮಾರುಕಟ್ಟೆಯ ವ್ಯಾಕರಣ ಬೇರೆಯಾಗಿದೆ. ಮಾರುವ ದಿನ ಯಂತ್ರವು ಕರ್ತೃ. ಅಪಘಾತದ ದಿನ ಮನುಷ್ಯನು ಕರ್ತೃ! ಮಳಿಗೆಯಲ್ಲಿ ‘ಕಾರು ತಾನೇ ಓಡುತ್ತದೆ’ ಎಂಬ ಮಾತು ಕಿವಿಗೆ ಬೀಳುತ್ತದೆ. ಕೈಪಿಡಿಯ ಸಣ್ಣಕ್ಷರಗಳಲ್ಲಿ ಮಳೆಯಲ್ಲಿ ನಂಬಬೇಡಿ, ಮಂಜಿನಲ್ಲಿ ನಂಬಬೇಡಿ, ಗೆರೆ ಮಾಸಿದ್ದರೆ ನಂಬಬೇಡಿ, ತಿರುವಿನಲ್ಲಿ ನಂಬಬೇಡಿ ಎಂಬ ನಿಷೇಧಗಳ ಸಾಲೇ ಇರುತ್ತದೆ. ವಿಧಿಯೊಂದು ದೊಡ್ಡಕ್ಷರದಲ್ಲಿ, ಅಪವಾದಗಳು ಸಣ್ಣಕ್ಷರದಲ್ಲಿ! ಇದರ ಫಲವಾಗಿ ಚಾಲಕಸ್ಥಾನವನ್ನು ಬಿಟ್ಟೆದ್ದು ಕಾರು ತಾನೇ ಓಡುವುದನ್ನು ಚಿತ್ರ ತೆಗೆದು ಹರಡಿದ ಸಾಹಸಿಗಳು ಭಾರತದಲ್ಲಿಯೂ ಹುಟ್ಟಿಕೊಂಡಿದ್ದಾರೆ. ಅವರ ಮೂರ್ಖತನಕ್ಕೆ ಅವರೇ ಹೊಣೆ, ನಿಜ. ಆದರೆ ಆ ಮೂರ್ಖತನಕ್ಕೆ ಬೀಜವನ್ನು ಬಿತ್ತಿದವರು ಯಾರು?

ಈ ದೂರುಗಳು ಈ ಸೀಮೆಯ ರಸ್ತೆಗೆ ಮಾತ್ರ ಸಂಬಂಧಿಸಿದುವೆಂದು ತಿಳಿಯಬೇಡಿರಿ. ಗೆರೆಯೂ ಫಲಕವೂ ಸರಿಯಾಗಿರುವ ಅಮೆರಿಕದಲ್ಲಿ ಕಾರಣವಿಲ್ಲದ ಬ್ರೇಕಿನ ಬಗ್ಗೆ 354 ಮಂದಿ ಮಾಲೀಕರ ದೂರು ಬಂದುದರಿಂದ 2022ರ ಫೆಬ್ರವರಿಯಲ್ಲಿ ಅಲ್ಲಿಯ ಹೆದ್ದಾರಿ ಸುರಕ್ಷತಾ ಇಲಾಖೆಯು ಸುಮಾರು 4,16,000 ಟೆಸ್ಲಾ ಕಾರುಗಳ ಮೇಲೆ ವಿಚಾರಣೆಯನ್ನು ತೆರೆಯಿತು. 2023ರ ಡಿಸೆಂಬರಿನಲ್ಲಿ, ಚಾಲಕನ ಗಮನವನ್ನು ಕಾಯುವ ಏರ್ಪಾಡು ಸಾಲದೆಂಬ ಕಾರಣದಿಂದ, 20 ಲಕ್ಷಕ್ಕೂ ಮೀರಿದ ಕಾರುಗಳನ್ನು ತಿದ್ದಬೇಕಾಯಿತು. ‘ಪೂರ್ಣ ಸ್ವಯಂಚಾಲನೆ’ ಎಂದು ಮಾರುತ್ತಿದ್ದುದಕ್ಕೆ ಅದೇ ಕಂಪೆನಿಯು 2024ರಲ್ಲಿ ‘ಮೇಲ್ವಿಚಾರಣೆಯುಳ್ಳ’ ಎಂಬ ವಿಶೇಷಣವನ್ನು ಅಂಟಿಸಿತು. ಪೂರ್ಣವಾದುದಕ್ಕೆ ಮೇಲ್ವಿಚಾರಣೆ ಏತಕ್ಕೆ? ಮೇಲ್ವಿಚಾರಣೆ ಬೇಕಾದುದು ಪೂರ್ಣವೆಂತು? 2019ರ ಒಂದು ಮಾರಣಾಂತಿಕ ಅಪಘಾತದ ವಿಷಯದಲ್ಲಿ 2025ರ ಆಗಸ್ಟಿನಲ್ಲಿ ಮಯಾಮಿಯ ನ್ಯಾಯಾಲಯದ ಪಂಚರು ತಪ್ಪಿನ ಮೂರರಲ್ಲಿ ಒಂದು ಪಾಲನ್ನು ತಯಾರಕರ ಮೇಲೆ ಹೊರಿಸಿ, 24 ಕೋಟಿ ಡಾಲರಿಗೂ ಮೀರಿದ ಪರಿಹಾರವನ್ನು ವಿಧಿಸಿದರು. ಚೀನಾದಲ್ಲಿ 2025ರ ಮಾರ್ಚಿ ತಿಂಗಳಲ್ಲಿ ಸಹಾಯಕ ವ್ಯವಸ್ಥೆಯ ವಶದಲ್ಲಿ ಓಡುತ್ತಿದ್ದ ಶಿಯೋಮಿ ವಿದ್ಯುತ್ ಕಾರೊಂದು ಹೆದ್ದಾರಿಯ ಕಾಮಗಾರಿಯ ಬಳಿ ತಡೆಗೋಡೆಗೆ ಬಡಿದು ಮೂವರು ವಿದ್ಯಾರ್ಥಿನಿಯರು ಮೃತರಾದರು; ಯಂತ್ರದ ಎಚ್ಚರಿಕೆಗೂ ಬಡಿತಕ್ಕೂ ನಡುವೆ ಇದ್ದುದು ಕೆಲವೇ ಸೆಕೆಂಡುಗಳು. ಮರುತಿಂಗಳೇ ಅಲ್ಲಿಯ ಸರಕಾರವು ‘ಸ್ವಯಂಚಾಲನೆ’ ಮುಂತಾದ ಉತ್ಪ್ರೇಕ್ಷೆಯ ಮಾತುಗಳನ್ನು ಜಾಹೀರಾತಿನಲ್ಲಿ ಬಳಸಕೂಡದೆಂದು ತಯಾರಕರಿಗೆ ಕಟ್ಟಪ್ಪಣೆ ಮಾಡಿತು.

ಇಲ್ಲಿ ಪೂರ್ವಪಕ್ಷದವರ ಮಾತನ್ನೂ ಕೇಳುವುದು ಧರ್ಮ. ‘ಮನುಷ್ಯನೇನು ನಿರ್ದೋಷಿಯೇ? 2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು. ಅವರನ್ನು ಕೊಂದುದು ಅಡಾಸ್ ಅಲ್ಲವಷ್ಟೆ’ ಎಂದು ಅವರು ಕೇಳುವರು. ಇದು ನಿಜವಾದ ಮಾತು. ತಾನಾಗಿ ಬ್ರೇಕು ಹಾಕುವ ವ್ಯವಸ್ಥೆಯಿಂದ ಹಿಂದಿನಿಂದ ಬಡಿಯುವ ಅಪಘಾತಗಳು ಸುಮಾರು ಅರ್ಧಕ್ಕೆ ಇಳಿದುವೆಂದು ಅಮೆರಿಕದ ವಿಮಾಸಂಸ್ಥೆಗಳ ಸಂಶೋಧನೆಯೂ ಹೇಳಿದೆ. ಆದುದರಿಂದಲೇ ಈ ಲೇಖನವು ಯಂತ್ರವನ್ನು ಕಿತ್ತೆಸೆಯಿರೆಂದು ಹೇಳುವುದಿಲ್ಲ. ಮನುಷ್ಯನು ಓಡಿಸುವಾಗ ಯಂತ್ರವು ಕಾಯುವುದು ಒಂದು. ಯಂತ್ರವು ಓಡಿಸುವಾಗ ಮನುಷ್ಯನು ಕಾಯುವುದು ಇನ್ನೊಂದು. ಮೊದಲನೆಯದರಲ್ಲಿ ಲಾಭವುಂಟು. ಎರಡನೆಯದು ಮನುಷ್ಯಸ್ವಭಾವಕ್ಕೆ ವಿರುದ್ಧವಾದುದು. 1983ರಲ್ಲಿಯೇ ಲಿಸಾನ್ ಬೇನ್‌ಬ್ರಿಜ್ ಎಂಬ ವಿದುಷಿಯು ಯಾಂತ್ರೀಕರಣದ ವಿಪರ್ಯಾಸಗಳನ್ನು ಕುರಿತ ಪ್ರಬಂಧದಲ್ಲಿ ಇದನ್ನು ತೋರಿಸಿಕೊಟ್ಟಳು: ಸುಲಭದ ಕೆಲಸವನ್ನೆಲ್ಲ ಯಂತ್ರಕ್ಕೆ ಒಪ್ಪಿಸಿ ಕಷ್ಟದ ಗಳಿಗೆಯನ್ನು ಮಾತ್ರ ಮನುಷ್ಯನಿಗೆ ಉಳಿಸಿದರೆ, ಅಭ್ಯಾಸವನ್ನೂ ಎಚ್ಚರವನ್ನೂ ಕಳೆದುಕೊಂಡ ಹೊತ್ತಿನಲ್ಲಿಯೇ ಅವನಿಂದ ಹೆಚ್ಚಿನ ಜಾಣ್ಮೆಯನ್ನು ನಿರೀಕ್ಷಿಸಿದಂತಾಗುವುದು. ನೂರರ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ ಸುಮಾರು 28 ಮೀಟರು ಸಾಗುತ್ತದೆ. ತೂಕಡಿಸುತ್ತಿದ್ದ ಮನಸ್ಸು ಎಚ್ಚೆತ್ತುಕೊಳ್ಳಲು ಎರಡು ಸೆಕೆಂಡು ಹಿಡಿದರೆ 56 ಮೀಟರು ದಾರಿ ಯಾರ ವಶದಲ್ಲಿಯೂ ಇರುವುದಿಲ್ಲ.

‘ದೋಷ ಯಂತ್ರದ್ದಲ್ಲ, ರಸ್ತೆಯದು, ಜನರದು’ ಎಂದು ಇನ್ನು ಕೆಲವರು ವಾದಿಸುವರು. ಹಾಗಾದರೆ ಆ ರಸ್ತೆಯ ಮೇಲೆ ಓಡಿಸಲೆಂದು ಅದನ್ನು ಮಾರಿದುದೇಕೆ? ಈ ದೇಶದ ರಸ್ತೆಯು ಬೇರೆಯೆಂಬುದು ವಿದ್ವಾಂಸರಿಗೆ ತಿಳಿಯದ ಸಂಗತಿಯಲ್ಲ. ಇದೇ ಹೆದ್ದಾರಿಯ ಮೇಲಿರುವ ಹೈದರಾಬಾದಿನ ಐ.ಐ.ಐ.ಟಿ. ವಿದ್ಯಾಸಂಸ್ಥೆಯವರು ಇಂಟೆಲ್ ಕಂಪೆನಿಯೊಡನೆ ಸೇರಿ 2018ರಲ್ಲಿ ‘ಇಂಡಿಯಾ ಡ್ರೈವಿಂಗ್ ಡೇಟಾಸೆಟ್’ ಎಂಬ ಚಿತ್ರಸಂಗ್ರಹವನ್ನು ಪ್ರಕಟಿಸಿದರು. ಹೈದರಾಬಾದು, ಬೆಂಗಳೂರು ಮತ್ತು ಅವುಗಳ ಹೊರವಲಯಗಳಲ್ಲಿ ತೆಗೆದ 10,000ಕ್ಕೂ ಮಿಕ್ಕಿದ ಚಿತ್ರಗಳನ್ನು 34 ವರ್ಗಗಳಾಗಿ ಗುರುತಿಸಿ, ಪರದೇಶದ ಸಂಗ್ರಹಗಳಲ್ಲಿ ಇಲ್ಲದ ಆಟೋರಿಕ್ಷಾಕ್ಕೂ ರಸ್ತೆಯಂಚಿನ ಮಣ್ಣುನೆಲಕ್ಕೂ ಅದರಲ್ಲಿ ಸ್ಥಾನ ಕೊಟ್ಟರು. ಪರದೇಶದ ರಸ್ತೆಯಲ್ಲಿ ಪಾಠ ಕಲಿತ ಯಂತ್ರಕ್ಕೆ ಇಲ್ಲಿಯ ಪಾಠ ಬೇರೆಯಾಗಿ ಬೇಕೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಪ್ರಮಾಣವೇನು ಬೇಕು? ಕಾಶಿಯಲ್ಲಿ ಕಲಿತವನಾದರೂ ಹಳ್ಳಿಯ ಶಾಲೆಗೆ ಬಂದ ಮೇಲೆ ಹಳ್ಳಿಯ ಮಕ್ಕಳಿಗೆ ಪಾಠ ಹೇಳಬಲ್ಲನೇ ಎಂಬುದನ್ನು ನೋಡಿಯೇ ಒಪ್ಪಬೇಕು. ಆ ಪರೀಕ್ಷೆಯನ್ನು ಕೊಳ್ಳುವವನ ಪ್ರಾಣವನ್ನು ಪಣವಿಟ್ಟು ನಡೆಸಕೂಡದು.

‘ಪರೀಕ್ಷೆಯಾಗಿ ಐದು ನಕ್ಷತ್ರ ಬಂದಿವೆಯಲ್ಲ’ ಎನ್ನುವವರೂ ಉಂಟು. 2023ರ ಅಕ್ಟೋಬರ್ 1ರಂದು ಆರಂಭವಾದ ಭಾರತ್ ಎನ್‌ಕ್ಯಾಪ್ ಪರೀಕ್ಷೆಯ ಮೊದಲ ನಿಯಮಾವಳಿಯು ಡಿಕ್ಕಿಯಾದಾಗ ಒಳಗಿರುವವರ ದೇಹಕ್ಕೆ ಎಷ್ಟು ರಕ್ಷಣೆಯೆಂಬುದನ್ನೇ ಮುಖ್ಯವಾಗಿ ನೋಡತಕ್ಕದ್ದು. ತಾನಾಗಿ ಬ್ರೇಕು ಹಾಕುವ, ಗೆರೆ ಹಿಡಿಯುವ ಗುಣಗಳನ್ನು ಅದು ಪರೀಕ್ಷಿಸುತ್ತಿರಲಿಲ್ಲ. ಕವಚದ ಗಟ್ಟಿತನಕ್ಕೆ ಕೊಟ್ಟ ಬಿರುದನ್ನು ಸಾರಥಿಯ ಜಾಣ್ಮೆಗೆ ಕೊಟ್ಟುದೆಂದು ಓದುವುದು ಸರಿಯಲ್ಲ. ‘ಕೈಪಿಡಿಯಲ್ಲಿ ಎಲ್ಲವನ್ನೂ ಹೇಳಿದೆ’ ಎಂಬುದು ಕೊನೆಯ ವಾದ. ಹೇಳಿರುವುದು ಬಹುಮಟ್ಟಿಗೆ ಇಂಗ್ಲಿಷಿನಲ್ಲಿ, ನೂರಾರು ಪುಟಗಳ ನಡುವೆ. ರಾಜೇಶ್ವರದಲ್ಲಿಯಾಗಲಿ ಬಸವಕಲ್ಯಾಣದಲ್ಲಿಯಾಗಲಿ ಕಾರನ್ನು ಕೊಂಡ ಯಜಮಾನನು ಇಂಗ್ಲಿಷು ಬಲ್ಲವನಾದರೂ ಅದನ್ನು ಓಡಿಸುವ ಮಗನೋ ಸಂಬಳದ ಡ್ರೈವರನೋ ಬಲ್ಲವನೆಂಬ ನಿಯಮವಿಲ್ಲ. ಓದಲಾರದ ಭಾಷೆಯಲ್ಲಿ ಕೊಟ್ಟ ಎಚ್ಚರಿಕೆಯು ಕೊಟ್ಟವನನ್ನು ರಕ್ಷಿಸುತ್ತದೆಯೇ ಹೊರತು ಪಡೆದವನನ್ನಲ್ಲ.

ಹೊಣೆಯ ವಿಚಾರದಲ್ಲಿ ಈ ನೆಲವು ಹೊರಗಿನವರಿಂದ ಪಾಠ ಕಲಿಯಬೇಕಾದುದಿಲ್ಲ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ರಾಜಧಾನಿಯಾಗಿದ್ದ ಕಲ್ಯಾಣದಲ್ಲಿಯೇ, ಎಂದರೆ ಇಂದಿನ ಬಸವಕಲ್ಯಾಣದಲ್ಲಿಯೇ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನವನ್ನು ರಚಿಸಿದನು. ದಾಯಭಾಗದ ವಿಚಾರಕ್ಕಾಗಿ ಆ ಗ್ರಂಥದ ಕೀರ್ತಿ ಭರತಖಂಡದಲ್ಲೆಲ್ಲ ಹರಡಿತು. ಆದರೆ ಆ ಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ಗಾಡಿಯಿಂದಾಗುವ ಹಿಂಸೆಯ ವಿಚಾರವೂ ಇದೆಯೆಂಬುದು ಎಷ್ಟೋ ಮಂದಿಗೆ ತಿಳಿಯದು. ಎತ್ತಿನ ಮೂಗುದಾರ ಹರಿದೋ ನೊಗ ಮುರಿದೋ ಗಾಡಿಯು ಯಾರನ್ನಾದರೂ ಘಾತಿಸಿದರೆ ಗಾಡಿಯ ಒಡೆಯನಿಗೆ ದೋಷವಿಲ್ಲವೆಂದು ಅಲ್ಲಿಯ ನಿರ್ಣಯ. ಮನುಸ್ಮೃತಿಯ ಎಂಟನೆಯ ಅಧ್ಯಾಯವು ಇನ್ನೂ ಸೂಕ್ಷ್ಮವಾಗಿ ಹೇಳುತ್ತದೆ: ಸಾರಥಿಯು ಕುಶಲನಾಗಿದ್ದೂ ತಪ್ಪಿದರೆ ದಂಡ ಸಾರಥಿಗೆ, ಸಾರಥಿಯ ಅಕೌಶಲದಿಂದ ಗಾಡಿ ದಾರಿ ತಪ್ಪಿದರೆ ದಂಡ ಒಡೆಯನಿಗೆ, ಇನ್ನೂರು ಪಣಗಳು. ಇದರ ತಾತ್ಪರ್ಯವು ಸ್ಪಷ್ಟವಾಗಿದೆ. ಅಕುಶಲನಾದ ಸಾರಥಿಯನ್ನು ಗಾಡಿಯ ಮೇಲೆ ಕೂರಿಸಿದವನೇ ಅಪರಾಧಿ. ಈ ಹೊತ್ತು ವಿದ್ಯುತ್ ಕಾರಿನ ಮೇಲೆ ಅರೆಗಲಿತ ಸಾರಥಿಯನ್ನು ಕೂರಿಸಿ, ಅವನನ್ನು ನಿಪುಣನೆಂದು ಹೊಗಳಿ, ಬೆಲೆ ಪಡೆದವರು ಯಾರೆಂಬುದನ್ನು ವಾಚಕರೇ ಯೋಚಿಸಲಿ. ಕೊಂಡವನ ಹೆಸರು ನೋಂದಣಿಯ ಕಾಗದದಲ್ಲಿರಬಹುದು. ಸಾರಥಿಯನ್ನು ಆರಿಸಿದವನು ಅವನಲ್ಲ.

ಇಂದಿನ ಕಾನೂನೂ ಈ ತತ್ತ್ವಕ್ಕೆ ಹೊರತಲ್ಲ. 2019ರ ಗ್ರಾಹಕರ ಸಂರಕ್ಷಣಾ ಕಾಯಿದೆಯ 84ನೆಯ ಕಲಮಿನಂತೆ ರಚನೆಯಲ್ಲಿ ದೋಷವಿದ್ದರೆ ಮಾತ್ರವಲ್ಲದೆ, ಅಪಾಯವನ್ನು ತಪ್ಪಿಸಲು ಸಾಕಾದ ಸೂಚನೆಗಳನ್ನು ಕೊಡದಿದ್ದರೂ ತಯಾರಕನು ಹೊಣೆಗಾರನು. 21ನೆಯ ಕಲಮಿನಂತೆ ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿಗಳವರೆಗೆ ದಂಡವುಂಟು. ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ಸೇರಿಸಿದ 110-ಎ ಕಲಮು ದೋಷವುಳ್ಳ ವಾಹನಗಳನ್ನು ಹಿಂದಕ್ಕೆ ಕರೆಸುವ ಅಧಿಕಾರವನ್ನು ಕೇಂದ್ರ ಸರಕಾರಕ್ಕೆ ಕೊಟ್ಟಿದೆ. ಆಯುಧಗಳಿವೆ, ಹಿಡಿಯುವ ಕೈಗಳು ಬೇಕಾಗಿವೆ. ಮಾಲೀಕರು ತಮ್ಮತಮ್ಮಲ್ಲಿ ಗೊಣಗಿಕೊಂಡು, ಸರ್ವಿಸಿನವರು ‘ಎಲ್ಲವೂ ಸರಿಯಾಗಿದೆ’ ಎಂದು ಹೇಳಿ ಕಳುಹಿಸಿದುದನ್ನು ಕೇಳಿ ಸುಮ್ಮನಾದರೆ ಕಾಯಿದೆಯು ಪುಸ್ತಕದಲ್ಲಿಯೇ ಉಳಿಯುವುದು.

ಆದುದರಿಂದ ಕೇಳಬೇಕಾದುವು ನಾಲ್ಕು. ಮೊದಲನೆಯದಾಗಿ, ಎರಡನೆಯ ಹಂತದ ಯಾವ ವ್ಯವಸ್ಥೆಯನ್ನೂ ತಾನೇ ಓಡಿಸುವುದೆಂಬ ಅರ್ಥ ಬರುವಂತೆ ಹೆಸರಿಸಿ ಮಾರಕೂಡದು. ಎರಡನೆಯದಾಗಿ, ಎಲ್ಲಿ ನಂಬಬಾರದೆಂಬ ಪಟ್ಟಿಯನ್ನು ಕನ್ನಡದಲ್ಲಿ, ಒಂದೇ ಹಾಳೆಯಲ್ಲಿ, ದೊಡ್ಡಕ್ಷರದಲ್ಲಿ ಅಚ್ಚುಮಾಡಿ ಕಾರಿನ ಬೀಗದ ಕೈಯೊಡನೆ ಕೊಡತಕ್ಕದ್ದು. ಮೂರನೆಯದಾಗಿ, ಕಾರಣವಿಲ್ಲದೆ ಬ್ರೇಕು ಬಿದ್ದಾಗ ಯಂತ್ರವು ಏನನ್ನು ಕಂಡಿತು, ಏನು ಮಾಡಿತು ಎಂಬ ದಾಖಲೆಯನ್ನು ಮಾಲೀಕನು ಕೇಳಿದರೆ ಕೊಡತಕ್ಕದ್ದು. ಅದು ಅವನ ಗಾಡಿ, ಅವನ ಪ್ರಾಣ. ನಾಲ್ಕನೆಯದಾಗಿ, ಅಮೆರಿಕದಲ್ಲಿ 2021ರಿಂದ ತಯಾರಕರು ಇಂತಹ ಅಪಘಾತಗಳನ್ನು ಸರಕಾರಕ್ಕೆ ವರದಿಮಾಡಬೇಕಾಗಿರುವಂತೆ ಇಲ್ಲಿಯೂ ಮಾಡತಕ್ಕದ್ದು. ಇವುಗಳಲ್ಲಿ ಒಂದಾದರೂ ಅಸಾಧ್ಯವಾದುದೇ? ಲಕ್ಷಾಂತರ ರೂಪಾಯಿಗಳ ಕಾರಿನೊಡನೆ ಕನ್ನಡದ ಹಾಳೆಯೊಂದನ್ನು ಇಡಲು ಎಷ್ಟು ಖರ್ಚಾದೀತು?

ಇದೆಲ್ಲ ನೆರವೇರುವವರೆಗೆ ಮಾಲೀಕರು ತಮ್ಮ ಹೊಣೆಯನ್ನು ತಾವು ನೋಡಿಕೊಳ್ಳಬೇಕು. ತುರ್ತು ಬ್ರೇಕಿನ ಕಾವಲನ್ನು ಇರಗೊಡಿರಿ. ಊರು ಬಂದಾಗ, ಮಳೆ ಬಂದಾಗ, ಕಾಮಗಾರಿ ಕಂಡಾಗ ಗೆರೆ ಹಿಡಿಯುವ, ವೇಗ ಹಿಡಿಯುವ ಕೆಲಸವನ್ನು ಯಂತ್ರದಿಂದ ಹಿಂದಕ್ಕೆ ಪಡೆಯಿರಿ. ಮುಂದಿನ ಗಾಜನ್ನು ಒರಸಿಡಿರಿ. ಗಾಜನ್ನು ಬದಲಿಸಿದರೆ ಕ್ಯಾಮರಾವನ್ನು ಮತ್ತೆ ಸರಿಹೊಂದಿಸಿದರೇ ಎಂದು ಕೇಳಿರಿ. ತಪ್ಪು ಬ್ರೇಕು ಬಿದ್ದ ದಿನ, ಸ್ಥಳ, ವೇಗಗಳನ್ನು ಬರೆದಿಟ್ಟು ದೂರನ್ನು ಬರವಣಿಗೆಯಲ್ಲಿಯೇ ಕೊಡಿರಿ, ಅದಕ್ಕೆ ಸ್ವೀಕೃತಿ ಪಡೆಯಿರಿ. ಉತ್ತರ ಬಾರದಿದ್ದರೆ ಬೀದರಿನ ಜಿಲ್ಲಾ ಗ್ರಾಹಕರ ಆಯೋಗದ ಬಾಗಿಲು ತೆರೆದಿದೆ. ರಸ್ತೆಯನ್ನು ದಾಟುವ ಕೂಲಿಯವನು, ಮೇವು ಹೊತ್ತ ಹೆಂಗಸು, ಶಾಲೆಯಿಂದ ಮರಳುವ ಮಕ್ಕಳು ಅಡಾಸನ್ನು ಕೊಂಡವರಲ್ಲ, ಅದರ ಕರಾರಿಗೆ ರುಜುಹಾಕಿದವರೂ ಅಲ್ಲ. ಅವರ ಪಾಲಿಗೆ ಬರುವ ಗಾಡಿಯಲ್ಲಿ ಸಾರಥಿ ಒಬ್ಬನೇ ಇರಬೇಕು, ಅವನು ಎಚ್ಚತ್ತಿರಬೇಕು, ತಾನೇ ಸಾರಥಿಯೆಂಬುದನ್ನು ಅರಿತಿರಬೇಕು.